ಜೋಳದ ಕಾಳಿನಷ್ಟು ಕೆಂಪು ದೀಪ

ಸುಹಾಸನ ಹಳೆಯ ಕಾರಿನಲ್ಲಿ ಅಂದು ಮಧ್ಯಾಹ್ನ ಹತ್ತಿದ ದೀಪ ಜೋಳದ ಕಾಳಿಗಿಂತ ದೊಡ್ಡದೇನಿರಲಿಲ್ಲ. ಆದರೆ ಬಣ್ಣ ಕೆಂಪು. ನಡುವೆ ಒಂದು ಉದ್ಗಾರ ಚಿಹ್ನೆ, ತಪ್ಪು ಹಿಡಿದ ಮಾಸ್ತರರ ಬೆರಳಿನಂತೆ ನೆಟ್ಟಗೆ ನಿಂತಿತ್ತು.

ಬೇರೆ ದಿನವಾಗಿದ್ದರೆ ಅವನು ಅದರ ಕಡೆ ನೋಡುತ್ತಲೂ ಇರಲಿಲ್ಲ. ಆ ಕಾರಿನಲ್ಲಿ ಹತ್ತಬೇಕಾದ ದೀಪ ಹತ್ತುತ್ತಿರಲಿಲ್ಲ, ಆರಬೇಕಾದದ್ದು ಆರುತ್ತಿರಲಿಲ್ಲ. ಆದರೆ ಅಂದು ಅಥಣಿಯ ತವರಿನಲ್ಲಿ ಕೂತಿದ್ದ ಹೆಂಡತಿ ತ್ರಿಶಲಾಳನ್ನು ಚಿಕ್ಕೋಡಿಗೆ ಕರೆತರಬೇಕಿತ್ತು. ಹಿಂದೊಮ್ಮೆ ನೆಂಟರ ಮದುವೆಗೆ ಹೊರಟಾಗ ಈ ಕಾರು ಅಂಕಲಿಯ ಹತ್ತಿರ ಕೈಕೊಟ್ಟು, ಅವಳು ರೇಷ್ಮೆ ಸೀರೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಏರಿ ಮದುವೆಮನೆಯ ಮುಂದೆ ಇಳಿದಿದ್ದಳು. ಬ್ಯಾಂಡಿನವರು ನುಡಿಸುವುದನ್ನು ನಿಲ್ಲಿಸಿ ನೋಡಿದ್ದರು. ಮರುದಿನವೇ ಅವಳು ತವರಿಗೆ ಹೋದಳು. ಈಗ ಫೋನಿನಲ್ಲಿ ಒಂದು ಕರಾರು ಹಾಕಿದ್ದಳು.

"ದಾರ್ಯಾಗ ಎಲ್ಲೂ ನಿಲ್ಲದ, ಹೊತ್ತು ಮುಳುಗೂದ್ರೊಳಗ ನಮ್ಮ ಬಾಗಲಕ್ಕ ಬರ್ರಿ. ಹಂಗ ಬಂದ್ರ ಅದ ಗಾಡ್ಯಾಗ ಕುಂತು ಬರ್ತೀನಿ. ಇಲ್ಲಾಂದ್ರ ಗಾಡಿ ಜೋಡಿನ ಸಂಸಾರ ಮಾಡ್ರಿ."

ಹೊತ್ತು ಮುಳುಗುವುದರಲ್ಲಿ ಇನ್ನೊಂದು ಅಪಾಯವೂ ಇತ್ತು. ಎರಡೂ ಮನೆಗಳು ಜೈನರವು. ಸೂರ್ಯ ಮುಳುಗಿದ ಮೇಲೆ ಅಲ್ಲಿ ಯಾರ ಬಾಯಿಗೂ ತುತ್ತು ಹೋಗುವುದಿಲ್ಲ. ಅತ್ತೆ ಶೇಂಗಾ ಹೋಳಿಗೆ ಮಾಡುತ್ತಿದ್ದಾರೆಂಬ ಸುದ್ದಿ ಬಂದಿತ್ತು. ಅದಕ್ಕೆ ಹೊಟ್ಟೆಯಲ್ಲಿ ಜಾಗವಿರಲೆಂದು ಸುಹಾಸ ಮಧ್ಯಾಹ್ನದ ಊಟ ಬಿಟ್ಟಿದ್ದ.

ಹೊರಡುವಾಗ ತಾಯಿ ಲಕ್ಷ್ಮಿಬಾಯಿ ಮುಂದಿನ ಎರಡೂ ಸೀಟುಗಳ ಮೇಲೆ, ನಡುವಿನ ಸಂದಿಯೂ ಮುಚ್ಚುವಂತೆ, ಹಳೆ ಸೀರೆಗಳಿಂದ ಹೊಲಿದ ಹೊಸ ಕೌದಿ ಹಾಸಿದರು. ಬಹಳ ಹೊತ್ತು ಒಳಗೆ ಬಗ್ಗಿ ಏನೇನೋ ಸರಿಮಾಡಿದರು.

"ಸೊಸಿ ಸೀರಿಗಿ ಧೂಳ ಹತ್ತಬಾರ್ದು. ಮತ್ತ ನೀ ದಾರ್ಯಾಗ ಹಸದ ಇರಬ್ಯಾಡ."

ಗಾಲಿಯ ಕೆಳಗಿನ ಕಲ್ಲು ತೆಗೆಯುತ್ತಿದ್ದ ಸುಹಾಸ ಕೇಳಿಯೂ ಕೇಳದಂತೆ "ಹೂಂ" ಎಂದ. ಆ ಕಾರಿನ ಹ್ಯಾಂಡ್ ಬ್ರೇಕ್ ಎಷ್ಟು ಎಳೆದರೂ ಹಿಡಿಯುತ್ತಿರಲಿಲ್ಲ. ನಿಂತಲ್ಲಿ ನಿಲ್ಲಿಸುತ್ತಿದ್ದುದು ಆ ಕಲ್ಲು. ಅದನ್ನು ಡಿಕ್ಕಿಯಲ್ಲಿಟ್ಟು ಬರುವಷ್ಟರಲ್ಲಿ ಪಕ್ಕದ ಮನೆಯ ನೇಮಿನಾಥ ಕಾಕಾ ಹಿಂದಿನ ಸೀಟಿನಲ್ಲಿ ಕೂತಾಗಿತ್ತು.

"ಅಥಣ್ಯಾಗ ನಂದೂ ಸ್ವಲ್ಪ ಕೆಲಸ ಐತೆಪಾ. ಮುಂದ ಕುಂಡ್ರಾಕ ನಿಮ್ಮವ್ವ ಬಿಡವಲ್ಲಳು. ಸೊಸಿ ಸೀಟಂತ."

ಕಾಕಾ ಜನ್ಮದಲ್ಲಿ ಕಾರು ನಡೆಸಿದವರಲ್ಲ. ಆದರೆ ಓಣಿಯ ಎಲ್ಲ ಕಾರುಗಳಲ್ಲಿ ಕೂತು ಎಲ್ಲರಿಗೂ ನಡೆಸುವುದನ್ನು ಹೇಳಿಕೊಟ್ಟವರು. ಕೀಲಿ ತಿರುವಿದೊಡನೆ ಅವರ ಗದ್ದ ಸುಹಾಸನ ಹೆಗಲ ಮೇಲೆ ಬಂತು.

"ಅದೇನಲೇ, ಕೆಂಪಗ?"

"ಬ್ರೇಕ್ ಆಯಿಲ್ ಕಡಿಮಿ ಆದ್ರ ಹತ್ತೂ ಲೈಟ್, ಕಾಕಾ."

"ಅಂದ್ರ ಬ್ರೇಕ್ ಇಲ್ಲ! ತಗಿ ಬಾನೆಟ್!"

ಆಯಿಲಿನ ಬಾಟಲಿ ಮೇಲಿನ ಗೆರೆಯವರೆಗೆ ತುಂಬಿತ್ತು. ಕಾಕಾ ದೀಪವನ್ನೊಮ್ಮೆ, ಬಾಟಲಿಯನ್ನೊಮ್ಮೆ ನೋಡಿ ಪಂಚರಂತೆ ತೀರ್ಪು ಕೊಟ್ಟರು. "ಬಾಟ್ಲಿ ಐತಿ ಅಂತೈತಿ, ಲೈಟ್ ಇಲ್ಲ ಅಂತೈತಿ. ಇಬ್ರಾಗ ಒಬ್ರು ಸುಳ್ಳ ಹೇಳಾಕತ್ತಾರ. ಸೆನ್ಸರ್ ಕೆಟ್ಟೈತಿ."

ಅಷ್ಟರಲ್ಲಿ ತ್ರಿಶಲಾಳ ಫೋನು ಬಂತು.

"ಹೊಂಟ್ರ್ಯಾ? ಎಲ್ಲೂ ನಿಂತಿಲ್ಲಲ್ಲ?"

"ಏ, ಇಲ್ಲ! ಗಾಳಿಗತೆ ಬರಾಕತ್ತೀನಿ," ಎಂದ ಸುಹಾಸ, ಬಾನೆಟ್ಟಿನೊಳಗೆ ತಲೆಯಿಟ್ಟುಕೊಂಡು.

"ಬಾನೆಟ್ ಹಾಕ್ಲ್ಯಾ?" ಕಾಕಾ ಕೂಗಿದರು.

"ಯಾರದು?"

"ರೇಡಿಯೊ," ಎಂದು ಸುಹಾಸ ಫೋನಿಟ್ಟ.

ಬ್ರೇಕಿನ ಮೇಲೆ ನಂಬಿಕೆಯಿಲ್ಲದ ಮನುಷ್ಯ ಹೇಗೆ ಕಾರು ನಡೆಸುತ್ತಾನೋ ಹಾಗೆ ಅವನು ನಡೆಸಿದ. ಸೈಕಲ್ಲಿನವರು ಹಿಂದೆ ಹಾಕಿದರು. ಒಂದು ಎಮ್ಮೆ ಸ್ವಲ್ಪ ದೂರ ಜೊತೆಗೆ ಬಂದು ಬೇಸತ್ತು ಹೊಲಕ್ಕಿಳಿಯಿತು. ರಾಯಬಾಗದ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಿದ್ದವು. ನಿಂತದ್ದೇ ತಡ, ಕಾಕಾ ಕೆಳಗಿಳಿದು ಊರಿಗೆಲ್ಲ ವಿಷಯ ತಿಳಿಸಿದರು. ಒಂದು ಟ್ರ್ಯಾಕ್ಟರಿನ ಡ್ರೈವರ್ ಸತ್ತೆಪ್ಪ ಕೈಯಲ್ಲಿ ಕಬ್ಬು ಹಿಡಿದು ಬಂದ.

"ನಮ್ಮ ಟ್ರ್ಯಾಕ್ಟರಿಗಿ ಒಂದೂ ಲೈಟ್ ಇಲ್ರಿ. ಅದಕ್ಕ ಏನೂ ಕೆಡೂದಿಲ್ಲ," ಎಂದು ಅವನು ಬಾನೆಟ್ ಎತ್ತಿ ಕಬ್ಬಿನಿಂದ ಬಾಟಲಿಯ ತಲೆಯ ಮೇಲೆ ಎರಡೇಟು ಹಾಕಿದ. ದೀಪ ಆರಲಿಲ್ಲ. ಉಳಿದ ಕಬ್ಬನ್ನು ಮುರಿದು ಕೊಟ್ಟ. "ತಿನ್ರಿ, ಸಾವ್ಕಾರ್ರ."

"ಬ್ಯಾಡ್ರಿ, ಮಾವನ ಮನ್ಯಾಗ ಹೋಳಗಿ ಐತಿ," ಎಂದ ಸುಹಾಸ. ಅವನ ಪಾಲನ್ನೂ ಕಾಕಾ ತಿಂದರು.

ಟ್ರ್ಯಾಕ್ಟರುಗಳು ದಾರಿ ಬಿಟ್ಟಾಗ ಬಿಸಿಲು ವಾಲಿತ್ತು. ರಾಯಬಾಗದ ಹೊರಗೆ ಹಾಲಸಿದ್ದನ ಗ್ಯಾರೇಜ್ ಕಂಡಿತು. ಹಾಲಸಿದ್ದ ಮೊದಲು ಕೇಳಿದ್ದು ಸರಿಯಾದ ಪ್ರಶ್ನೆ.

"ಹ್ಯಾಂಡ್ ಬ್ರೇಕ್ ಎಳದೀರೇನ್ರಿ? ಅದಕ್ಕೂ ಇದ ಲೈಟ್ ಹತ್ತತೈತಿ."

ಸುಹಾಸನಿಗೆ ಅವಮಾನವಾಯಿತು. "ಅದನ್ನ ಮುಟ್ಟಿ ಯಾವ ಕಾಲ ಆತೊ! ನಾ ಕಲ್ಲ ಇಡಾಂವ."

"ಕಲ್ಲ ನಾನ ಕಣ್ಣಾರೆ ನೋಡೀನಿ," ಎಂದು ಕಾಕಾ ಸಾಕ್ಷಿ ಹೇಳಿದರು.

ಕಲ್ಲಿಗೆ ಎದುರಾಡಲಾಗದೆ ಹಾಲಸಿದ್ದ ಬಾನೆಟ್ ಎತ್ತಿದ. ಸೆನ್ಸರಿನ ವೈರು ಕಿತ್ತ. ದೀಪ ಉರಿಯುತ್ತಲೇ ಇತ್ತು. "ವೈರ್ ತಗದ್ರೂ ಹತ್ತತೈತಲ್ಲ..." ಎಂದು ತಲೆ ಕೆರೆದುಕೊಂಡ. ಇನ್ನೊಂದು ಗಳಿಗೆ ಕೆರೆದಿದ್ದರೆ ನಿಜ ಹೊರಬೀಳುತ್ತಿತ್ತೋ ಏನೋ. ಆದರೆ ಕಾಕಾ ಆಗಲೇ ಬಾಟಲಿಯ ಮುಚ್ಚಳ ಬಿಚ್ಚಿದ್ದರು. ಅದರ ಕೆಳಗೆ, ಆಯಿಲಿನ ಮೇಲೆ ತೇಲುವ ಸಣ್ಣ ಬುರುಡೆಯೊಂದು ನೇತಾಡುತ್ತಿತ್ತು. ಆಯಿಲ್ ಇಳಿದರೆ ಬುರುಡೆ ಇಳಿದು ದೀಪ ಹತ್ತಬೇಕು, ಅಷ್ಟೇ ಅದರ ಕೆಲಸ. ಕಾಕಾ ಅದನ್ನು ಕಿವಿಗೆ ಹಿಡಿದು ತೆಂಗಿನಕಾಯಿಯಂತೆ ಅಲ್ಲಾಡಿಸಿದರು.

ಕಟ್ ಎಂದಿತು.

"ನೋಡ್ದ್ಯಾ? ಮೊದ್ಲ ಮುರದಿತ್ತು," ಎಂದರು ಕಾಕಾ, ಮುರಿದ ತುಂಡನ್ನು ಸುಹಾಸನ ಅಂಗೈಗೆ ಹಾಕುತ್ತ.

ಹೊಸದು ಬೆಳಗಾವಿಯಿಂದ ಬರಬೇಕಿತ್ತು. ಹಾಲಸಿದ್ದ ಮುಚ್ಚಳ ಮುಚ್ಚಿ, ವೈರು ಸಿಕ್ಕಿಸಿ, ಕಾರನ್ನು ಓಡಿಸಿ ನೋಡಿ, "ಬ್ರೇಕ್ ಗಟ್ಟಿ ಅದಾವು, ಹೆದರಬ್ಯಾಡ್ರಿ" ಎಂದ. ಆಮೇಲೆ ದೀಪದ ಮೇಲೆ ಚಿಟಿಕೆಯಷ್ಟು ಕರಿ ಟೇಪ್ ಅಂಟಿಸಿದ. "ಕಾಣಲಿಲ್ಲಂದ್ರ ಚಿಂತಿ ಇಲ್ರಿ. ಭಜಿ ತಿನ್ರಿ." ಸುಹಾಸ ಹೋಳಿಗೆಯನ್ನು ನೆನೆದು ತಲೆಯಾಡಿಸಿದ. ಅದನ್ನೂ ಕಾಕಾ ತಿಂದರು.

ಕುಡಚಿಯ ಸೇತುವೆಗೆ ಬಂದಾಗ ಕೃಷ್ಣೆಯ ಮೇಲೆ ಇನ್ನೊಂದು ಕೆಂಪು ದೀಪ ಇಳಿಯುತ್ತಿತ್ತು. ಅದರ ಮೇಲೆ ಅಂಟಿಸಲು ಟೇಪ್ ಇರಲಿಲ್ಲ. ಸುಹಾಸ ಆಕ್ಸಿಲರೇಟರ್ ತುಳಿದ. ಕಾರು ಕೆಮ್ಮಿತು, ಓಡಿತು, ಆದರೆ ಸೂರ್ಯ ಎಲ್ಲೂ ನಿಲ್ಲದೆ ಮುಂದೆ ಹೋದ.

ಅಥಣಿಯ ಮನೆಯಲ್ಲಿ ದೀಪ ಹಚ್ಚಿಯಾಗಿತ್ತು. "ಬರ್ರಿ ಅಳಿಯಂದ್ರ," ಎಂದರು ಮಾವ ಶ್ರೀಪಾಲ ಸಂಕೋಚದಿಂದ. "ದಾರಿ ನೋಡಿ ನೋಡಿ ಈಗಷ್ಟ ಅಡಗಿಮನಿ ಮುಚ್ಚಿದ್ವಿ." ಒಳಗಿನಿಂದ ಹೋಳಿಗೆಯ ವಾಸನೆ ಬಂದು ಸುಹಾಸನ ಮೂಗನ್ನು ಸವರಿ ಹೋಯಿತು.

ತ್ರಿಶಲಾ ಕಟ್ಟೆ ಇಳಿದು ಬಂದಳು. "ಎಷ್ಟ ಸಲ ನಿಂತಿತ್ರಿ?"

ಸುಳ್ಳು ಹೇಳುವುದಕ್ಕೂ ಹೊಟ್ಟೆಯಲ್ಲಿ ಏನಾದರೂ ಇರಬೇಕು. "ಎಣಸಿಲ್ಲ," ಎಂದ ಅವನು.

ಅವಳು ಕಾರಿನ ಬಾಗಿಲು ತೆರೆದು ಕೌದಿಯ ಅಂಚು ಹಿಡಿದಳು. "ಇದು ನನ್ನ ಹರದ ಹಳದಿ ಸೀರಿದಲ್ಲ? ಅತ್ತಿ ಇದನ್ನ ಇಟಗೊಂಡಿದ್ರ?" ಎಂದು ಕೌದಿಯನ್ನು ಎತ್ತಿದಳು.

ಕೆಳಗೆ ಒಂದು ಸ್ಟೀಲ್ ಡಬ್ಬಿ ಇತ್ತು. ಉರುಳಬಾರದೆಂದು ಲಕ್ಷ್ಮಿಬಾಯಿ ಅದನ್ನು ಹ್ಯಾಂಡ್ ಬ್ರೇಕಿನ ಕೆಳಗೆ ಒತ್ತಿ ಕೂಡಿಸಿದ್ದರು. ತ್ರಿಶಲಾ ಡಬ್ಬಿ ಎಳೆದಳು. ಅರ್ಧ ಮೇಲೆದ್ದಿದ್ದ ಹಿಡಿಕೆ ಟಪ್ಪೆಂದು ಕೆಳಗೆ ಬಿತ್ತು.

ಡಬ್ಬಿಯಲ್ಲಿ ಚಪಾತಿ, ಕಾಳಿನ ಪಲ್ಯ, ಶೇಂಗಾ ಚಟ್ನಿಪುಡಿ ಇದ್ದವು. ದಾರಿಯುದ್ದಕ್ಕೂ ಸುಹಾಸನ ಮೊಣಕೈಯ ಕೆಳಗೇ ಇದ್ದವು.

"ಹಂಗಾರ ಸೆನ್ಸರ್ ಕೆಟ್ಟಿರಲಿಲ್ಲ," ಎಂದರು ಕಾಕಾ ನಿಧಾನವಾಗಿ.

"ನೀವು ಅಲ್ಲಾಡಸೂತನಕ ಕೆಟ್ಟಿರಲಿಲ್ಲ, ಕಾಕಾ," ಎಂದ ಸುಹಾಸ. ಆಸೆ ಬಿಡದೆ ಕೀಲಿ ತಿರುವಿ ಟೇಪ್ ಕಿತ್ತ. ಜೋಳದ ಕಾಳಿನಷ್ಟು ದೀಪ ಕೆಂಪಗೆ ನಕ್ಕಿತು. ಈಗ ಅದಕ್ಕೆ ನಿಜವಾದ ಕಾರಣವಿತ್ತು. ಕಾಕಾ ಮುರಿದ ಬುರುಡೆ ಆಯಿಲಿನಲ್ಲಿ ತೇಲದೆ ತಳ ಸೇರಿತ್ತು.

ಅದನ್ನು ನೋಡಿ ತ್ರಿಶಲಾ ನಕ್ಕಳು. ಮದುವೆಮನೆಯ ಮುಂದೆ ಟ್ರ್ಯಾಕ್ಟರ್ ಇಳಿದಂದಿನಿಂದ ಒಳಗೆ ತಡೆದಿಟ್ಟಿದ್ದ ನಗು, ಸೆರಗು ಬಾಯಿಗಿಟ್ಟರೂ ನಿಲ್ಲಲಿಲ್ಲ.

"ಕರಾರು ಅಂತೂ ಮುರದೀರಿ," ಎಂದಳು ಕೊನೆಗೆ. ಸುಹಾಸ ತಲೆ ತಗ್ಗಿಸಿದ. ಅವಳು ಡಿಕ್ಕಿ ತೆಗೆದು, ಕಲ್ಲನ್ನು ತಾನೇ ಎತ್ತಿ ತಂದು, ಗಾಲಿಯ ಕೆಳಗಿಟ್ಟು ಕಾಲಿನಿಂದ ಒತ್ತಿದಳು. "ಇವತ್ತ ಇಲ್ಲೇ ನಿಂದ್ರಲಿ. ಬೆಳಿಗ್ಗೆ ಹೊತ್ತು ಹುಟ್ಟಿದ ಮ್ಯಾಲೆ ಉಂಡು ಹೋಗೂಣು."

ಅಷ್ಟರಲ್ಲಿ ಫೋನು. ಲಕ್ಷ್ಮಿಬಾಯಿ.

"ಡಬ್ಬಿ ಉಂಡ್ಯೇನೊ?"

ಸುಹಾಸ ಡಬ್ಬಿಯನ್ನು ಎದೆಗವಚಿ ನಿಂತ ಹೆಂಡತಿಯನ್ನು ನೋಡಿದ. "ಬೆಳಿಗ್ಗೆ ಉಣ್ತೀವಿ, ಅವ್ವಾ."

ಆ ಕಡೆ ತಾಯಿಯ ದನಿ ಹಿಗ್ಗಿತು. "ಉಣ್ತೀವಿ ಅಂದ್ರ? ಯಾರ್ಯಾರು?"

ಸುಹಾಸ ಬಾಯಿ ತೆರೆಯುವ ಮೊದಲೇ ಅವನ ಹೆಗಲ ಮೇಲೆ ಗದ್ದವೊಂದು ಬಂತು.

"ನಾನೂ ಅದೀನಿ, ವೈನಿ!" ಎಂದರು ನೇಮಿನಾಥ ಕಾಕಾ.