ಮುಚ್ಚಳವಿಲ್ಲದ ಕೊಪ್ಪರಿಗೆಯ ವೆಬ್‌ಸೈಟು

ವೆಬ್‌ಸೈಟು ಕೂಡ ಮಧ್ಯಾಹ್ನ ಊಟ ಮುಗಿಸಿ ಒಂದು ಗಳಿಗೆ ಅಡ್ಡಾಗಬೇಕು ಎಂದು ಹಟ ಹಿಡಿದವರು ಈ ಭೂಮಿಯ ಮೇಲೆ ಒಬ್ಬರೇ. ಅವರು ನನ್ನ ದೊಡ್ಡ ಸೋದರಮಾವ! ಇಂಥ ಮಾವ ಇಲ್ಲದವರನ್ನು ಕಂಡರೆ ನನಗೆ ಆಗಾಗ ಹೊಟ್ಟೆಕಿಚ್ಚಾಗುವುದುಂಟು.

ನಂಜನಗೂಡಿನ ಪೇಟೆಯಲ್ಲಿ ಮಾವನದು ಪಾತ್ರೆ ಬಾಡಿಗೆ ಅಂಗಡಿ. ಮದುವೆಯೋ ಗೃಹಪ್ರವೇಶವೋ, ಅನ್ನದ ತಪ್ಪಲೆಯಿಂದ ಹಿಡಿದು ತುಪ್ಪದ ಮಿಳ್ಳೆಯವರೆಗೆ ಅಲ್ಲಿ ಸಿಗದ್ದಿಲ್ಲ. ಅಂಗಡಿಗೊಂದು ವೆಬ್‌ಸೈಟೂ ಇತ್ತು. ಹಳದಿ ಹಿನ್ನೆಲೆ, ಕೆಂಪು ಅಕ್ಷರ, ನೆತ್ತಿಯ ಮೇಲೆ ಬಲದಿಂದ ಎಡಕ್ಕೆ ಓಡುವ ಒಂದು ಸಾಲು. ಮೈಸೂರಿನಲ್ಲಿ ಕೂತು ಊರವರಿಗೆಲ್ಲ ವೆಬ್‌ಸೈಟ್ ಮಾಡಿಕೊಡುವ ನನ್ನ ಮಾನ ಏನಾಗಬೇಕು? ನಾನೇ ಹೊಸದಾಗಿ ಮಾಡಿಕೊಡುತ್ತೇನೆ ಎಂದೆ. ಹಾಗೆ ಎಂದದ್ದೇ ಎಂದದ್ದು, ನನ್ನ ಗ್ರಹಚಾರ ಶುರುವಾಯಿತು.

"ಮದ್ಯಾನ ನಾವು ಬಾಗ್ಲಾಕ್ತೀವಿ. ಅದೂ ಬಾಗ್ಲಾಕ್ಬೇಕು" ಎಂದರು ಮಾವ.

"ವೆಬ್‌ಸೈಟ್ ಇರೋದೇ ಯಾವಾಗ್ಲೂ ತೆರೆದಿರೋಕೆ ಮಾವ."

"ಯಾವಾಗ್ಲೂ ತೆಗ್ದಿದ್ರೆ ಅದ್ನ ಆಸ್ಪತ್ರೆ ಅಂತಾರೆ ಕಣಮ್ಮಿ, ಅಂಗ್ಡಿ ಅನ್ನಲ್ಲ!"

ಕೊನೆಗೆ ರಾಜಿಯಾಯಿತು. ಮಧ್ಯಾಹ್ನ ಯಾರಾದರೂ ತೆರೆದರೆ 'ಮಾಲೀಕರು ಊಟಕ್ಕೆ ಕೂತಿದ್ದಾರೆ, ನೀವೂ ಊಟ ಮಾಡಿ ಬನ್ನಿ' ಎಂದು ಕಾಣಿಸುವ ಹಾಗೆ ಮಾಡಿದೆ. ಇಷ್ಟು ಓದಿದ್ದು ಇದಕ್ಕೇ ಇರಬೇಕು.

ಆಮೇಲೆ ಫೋಟೋ. ಪಾತ್ರೆಗಳನ್ನೆಲ್ಲ ಫಳಫಳ ಹೊಳೆಯುವಂತೆ ತೆಗೆದು ತೋರಿಸಿದರೆ ಮಾವ ಮುಖ ಸಿಂಡರಿಸಿದರು. "ತಳದ ಮಸಿ ಎಲ್ಲಿ? ಮಸಿ ಇಲ್ದಿರೋ ಪಾತ್ರೇಲಿ ಯಾರೂ ಉಂಡಿಲ್ಲ ಅಂತ ಅರ್ಥ. ತಿರ್ಗಾ ತಗಿ." ಮಸಿಗಾಗಿ ಪಾತ್ರೆಗಳನ್ನು ಬೋರಲು ಹಾಕಿಸಿ ಫೋಟೋ ತೆಗೆದ ಡಿಸೈನರ್ ಇನ್ನೊಬ್ಬಳಿದ್ದರೆ ಅವಳನ್ನೊಮ್ಮೆ ನೋಡಬೇಕು!

ಎಲ್ಲದಕ್ಕಿಂತ ಮೊದಲು ಕಾಣಬೇಕಾದದ್ದು ತಾತನ ಕಾಲದ ತಾಮ್ರದ ಕೊಪ್ಪರಿಗೆ. ಅದಕ್ಕೆ ಮುಚ್ಚಳವಿಲ್ಲ. ಯಾಕಿಲ್ಲ? ಮುಚ್ಚಳ ಟಿ. ನರಸೀಪುರದಲ್ಲಿದೆ! ತಾತ ತೀರಿಕೊಂಡ ಮೇಲೆ ಮಾವಂದಿರಿಬ್ಬರೂ ಪಾಲಾದರು. ಒಂದೊಂದು ಸೌಟನ್ನೂ ಸಮಾಧಾನದಿಂದ ಹಂಚಿಕೊಂಡವರು ಕೊಪ್ಪರಿಗೆ ತನಗೇ ಬೇಕೆಂದು ಇಬ್ಬರೂ ಪಟ್ಟು ಹಿಡಿದರು. ಪಂಚಾಯ್ತಿಗೆ ಕೂತ ಹಿರಿಯರು ಬೇಸತ್ತು ಕೊಪ್ಪರಿಗೆ ದೊಡ್ಡವನಿಗೆ, ಮುಚ್ಚಳ ಚಿಕ್ಕವನಿಗೆ ಎಂದು ತೀರ್ಪು ಕೊಟ್ಟು ಕಾಫಿ ಕುಡಿದು ಎದ್ದುಹೋದರು. ಚಿಕ್ಕ ಮಾವ ಮುಚ್ಚಳ ಹೊತ್ತುಕೊಂಡು ಟಿ. ನರಸೀಪುರಕ್ಕೆ ಹೋಗಿ ಅಲ್ಲೊಂದು ಪಾತ್ರೆ ಅಂಗಡಿ ತೆರೆದರು. ಆವತ್ತಿನಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ, ಕತೆಯಿಲ್ಲ. ದೊಡ್ಡ ಮಾವ ಆ ಊರಿನ ಹೆಸರನ್ನೇ ಎತ್ತುವುದಿಲ್ಲ, 'ಆ ಕಡೆ' ಎನ್ನುತ್ತಾರೆ.

ಇನ್ನು ಆ ಓಡುವ ಸಾಲು. ಅದನ್ನು ಮಾವನೇ ಫೋನಿನಲ್ಲಿ ಕುಟ್ಟಿ ಕುಟ್ಟಿ ಬದಲಾಯಿಸುತ್ತಿದ್ದರು. ಒಂದು ದಿನ, 'ಹೊಸ ಇಡ್ಲಿ ಪಾತ್ರೆ ಬಂದಿದೆ. ಮಂಡಿನೋವು ಈಗ ವಾಸಿ.' ಇನ್ನೊಂದು ದಿನ, 'ಎಡಗಣ್ಣಿನ ಪೊರೆ ತೆಗೆಸಲಾಯಿತು. ಗಾಬರಿ ಬೇಡ. ಜಮಖಾನಗಳಿಗೆ ರಿಯಾಯಿತಿ.' ಮತ್ತೊಮ್ಮೆ, 'ಅವ್ವನ ತಿಥಿ ಚೆನ್ನಾಗಿ ನಡೆಯಿತು. ಎಡೆಗೆ ಒಬ್ಬಟ್ಟು ಇಡಲಾಗಿತ್ತು.' ಜಮಖಾನ ಬಾಡಿಗೆಗೆ ಬರುವವನಿಗೆ ಇವರ ಎಡಗಣ್ಣು ಕಟ್ಟಿಕೊಂಡು ಏನಾಗಬೇಕು, ನೀವೇ ಹೇಳಿ!

ಕೆಳಗಡೆ ಗಿರಾಕಿಗಳು ಏನಾದರೂ ಕೇಳಲಿಕ್ಕೆ ಒಂದು ಪುಟ್ಟ ಡಬ್ಬವೂ ಇತ್ತು. ಅದರಲ್ಲಿ ಹೆಸರು ಹಾಕದ ಒಬ್ಬ ಗಿರಾಕಿ ಆಗಾಗ ಬರೆಯುತ್ತಿದ್ದ. 'ಕೊಪ್ಪರಿಗೆಗೆ ಕಲಾಯಿ ಹಾಕಿಸಿದಿರಾ?' 'ಮಂಡಿಗೆ ಯಾವ ಎಣ್ಣೆ ಹಚ್ಚಿದಿರಿ?' 'ಕಣ್ಣಿಗೆ ಧೂಳು ಬೀಳದಂತೆ ನೋಡಿಕೊಳ್ಳಿ.'

"ಇವನ್ಯಾರೋ ಕೆಲಸವಿಲ್ಲದವನು ಮಾವ" ಎಂದೆ.

"ಅಂಗನ್ಬ್ಯಾಡ. ಅವ್ರು ನಮ್ ಖಾಯಂ ಗಿರಾಕಿ."

"ಒಂದು ಸೌಟನ್ನೂ ಬಾಡಿಗೆಗೆ ತಗೊಂಡಿಲ್ಲ!"

"ತಗೊಂಡ್ರೇನೇ ಗಿರಾಕಿನಾ?"

ನಾನು ಬಲು ಬುದ್ಧಿವಂತೆಯಲ್ಲವೇ? ಓಡುವ ಸಾಲನ್ನು ಕಿತ್ತುಹಾಕಿದೆ. ಡಬ್ಬ ತೆಗೆದು ಆ ಜಾಗದಲ್ಲಿ ಅಂಗಡಿಯ ಫೋನ್ ನಂಬರ್ ಕೂರಿಸಿದೆ. ಹಳದಿ ಹೋಗಿ ತಿಳಿ ಬೂದು ಬಂತು. ಮಾವ ಬಹಳ ಹೊತ್ತು ನೋಡಿದರು. "ಚೆನ್ನಾಗದೆ. ಆ ಓಡೋ ಸಾಲು ಇರ್ಬೋದಿತ್ತು" ಎಂದರು. ಯಾಕೆ ಮಾವ ಎಂದು ಕೇಳಿದೆ. "ಏನಿಲ್ಲ, ಬುಡು" ಎಂದು ಎದ್ದು ಹೋದರು.

ಹೊಸ ವೆಬ್‌ಸೈಟ್ ನೋಡಿ ಫೋನುಗಳು ಬಂದವು. ಬಿಳಿಗೆರೆಯಿಂದ, ಗುಂಡ್ಲುಪೇಟೆಯಿಂದ, ಮೈಸೂರಿನಿಂದಲೂ ಬಂದವು. ಕೊಪ್ಪರಿಗೆಯೊಂದನ್ನು ಬಿಟ್ಟು ಪಾತ್ರೆಗಳೆಲ್ಲ ಹೊರಗೆ, ಅಂಗಡಿಯೆಲ್ಲ ಖಾಲಿ. ಆದರೆ ಮಾವ? ಪ್ರತಿ ಸಲ ಫೋನ್ ಬಡಿದುಕೊಂಡಾಗಲೂ ಧಾವಿಸಿ ಎತ್ತುವುದು, ದನಿ ಕೇಳಿ ಸಪ್ಪಗಾಗುವುದು. ಅತ್ತೆ ನನಗೆ ಫೋನ್ ಮಾಡಿ, "ಅದೇನ್ ಮಾಡ್ದೆಯಮ್ಮಿ? ನಿಮ್ ಮಾವ ಸರ್ಯಾಗಿ ಉಣ್ತಾ ಇಲ್ಲ" ಎಂದರು. ವ್ಯಾಪಾರ ಹೆಚ್ಚಾಗಿದ್ದಕ್ಕೆ ಊಟ ಬಿಟ್ಟ ಮಾಲೀಕನನ್ನು ನೋಡಲು ನಾನು ರೈಲು ಹತ್ತಿದೆ.

ನಾನು ಅಂಗಡಿಯಲ್ಲಿ ಕೂತು, ಎಷ್ಟು ಜನ ನೋಡಿದ್ದಾರೆ ಗೊತ್ತಾ ಮಾವ ಎಂದು ಜಂಬ ಕೊಚ್ಚುತ್ತಿದ್ದಾಗ ಬಾಗಿಲಲ್ಲಿ ಒಬ್ಬರು ಬಂದು ನಿಂತರು. ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿದ ಅಗಲವಾದ ಏನನ್ನೋ ಎದೆಗವಚಿಕೊಂಡಿದ್ದರು. ನನ್ನ ಚಿಕ್ಕ ಮಾವ! ಅಣ್ಣನನ್ನು ಅಡಿಯಿಂದ ಮುಡಿಯವರೆಗೆ ಒಂದು ಸಲ ನೋಡಿದರು. ಮಂಡಿ ನೋಡಿದರು, ಎಡಗಣ್ಣು ನೋಡಿದರು. ಆಗ ನನಗೆ ತಟ್ಟನೆ ಹೊಳೆಯಿತು, ಆ ಖಾಯಂ ಗಿರಾಕಿ ಯಾರೆಂದು.

"ಮುಚ್ಚಳ ಕೊಡವಾ ಅಂತ ಬಂದೆ. ಅಲ್ಲಿ ಸುಮ್ನೆ ಜಾಗ ತಿಂತದೆ" ಎಂದರು. ಮತ್ತೆ ತಡೆಯಲಾರದೆ, "ಸಾಲು ನಿಂತೋಯ್ತು. ಬರೆಯವಾ ಅಂದ್ರೆ ಡಬ್ಬನೂ ಇಲ್ಲ. ನಾನೇನಂತ ಅನ್ಕಬೇಕು, ಯೋಳು?" ಎಂದು ಕೇಳಿಯೇಬಿಟ್ಟರು.

ದೊಡ್ಡ ಮಾವ ಎದ್ದು ಬಂದು ಮುಚ್ಚಳಕ್ಕೆ ಸುತ್ತಿದ್ದ ಬೆಡ್‌ಶೀಟನ್ನು ಬಿಚ್ಚತೊಡಗಿದರು.

"ಬಸ್ನಲ್ಲಿ ಕಂಡಕ್ಟ್ರು ಇದ್ಕೂ ಲಗೇಜ್ ಚಾರ್ಜ್ ಆಕುದ್ನಾ?"

"ಊಂ ಕಣಣ್ಣ. ನನ್ಗಿಂತ ಅದ್ಕೇ ಜಾಸ್ತಿ!"

ಇಷ್ಟು ವರ್ಷಗಳ ಮೌನ ಮುರಿದದ್ದು ಬಸ್ಸಿನ ಲಗೇಜಿನ ವಿಚಾರದಲ್ಲಿ! ಇಬ್ಬರೂ ಸೇರಿ ಮುಚ್ಚಳವನ್ನು ಎತ್ತಿ ಕೊಪ್ಪರಿಗೆಯ ಮೇಲಿಟ್ಟರು. ಸರಿಯಾಗಿ ಕೂತಿತು. ನನಗೆ ಅಳು ಬಂತು, ಮುಚ್ಚಿಡುವುದೇನು?

"ಆ ಓಡೋ ಸಾಲು ತಿರ್ಗಾ ಆಕಮ್ಮಿ" ಎಂದರು ದೊಡ್ಡ ಮಾವ. "ಬರ್ಕೊ. ಇವತ್ತು ಅಂಗ್ಡಿ ರಜ. ತಮ್ಮ ಬಂದವ್ನೆ."

"ಯಾರಿಗೋಸ್ಕರ ಮಾವ? ಓದೋರು ಇಲ್ಲೇ ಕೂತಿದ್ದಾರಲ್ಲ!"

"ಇಷ್ಟ್ ದಿನ ಅವ್ನೊಬ್ನೇ ಓದ್ದ. ಇವತ್ತು ಊರೋರೆಲ್ಲ ಓದ್ಲಿ."

ಮಂಜಾದ ಕಣ್ಣಲ್ಲೇ ಟೈಪ್ ಮಾಡಿದೆ. ಹಳದಿ ಹಿನ್ನೆಲೆ, ಕೆಂಪು ಅಕ್ಷರ, ಎಷ್ಟು ದಪ್ಪ ಸಾಧ್ಯವೋ ಅಷ್ಟು ದಪ್ಪ.