ಪೇಸ್‌ಮೇಕರಿಗೆ ಹೊತ್ತ ಹರಕೆ

ಎದೆಯಲ್ಲಿ ಪೇಸ್‌ಮೇಕರ್ ಕೂತ ಮೇಲೆ, ಒಂದು ಗಳಿಗೆ ಗಂಭೀರವಾಗಿ ಕೂತು ನನ್ನ ಬಗ್ಗೆ ನಾನೇ ಮರುಗೋಣ ಎಂದರೆ ಜನ ಬಿಡುವುದಿಲ್ಲ. ವಾರಕ್ಕೊಂದು ಪ್ರಸಂಗ ಮನೆ ಬಾಗಿಲಿಗೇ ಬರುತ್ತದೆ. ನಾನು ಚನ್ನಗಿರಿ–ಹೊನ್ನಾಳಿ–ನ್ಯಾಮತಿ ಓಡುವ ಖಾಸಗಿ ಬಸ್ಸಿನ ಕಂಡಕ್ಟರ್. ವಯಸ್ಸು ಐವತ್ತು. ಮನೆಯಲ್ಲಿ ಹೆಂಡತಿ ಮತ್ತು ಎಪ್ಪತ್ತಾರರ ಅವ್ವ. ನನ್ನ ಅಣ್ಣ ಹೊಲದಲ್ಲಿ ನಿಂತಲ್ಲೇ ಕುಸಿದು ಹೋದವನು. ಹಾಗಾಗಿ ನಾನೂ ಬಿದ್ದೆನೆಂಬ ಸುದ್ದಿ ಮುಟ್ಟಿದಾಗ ಅವ್ವ ಅಳಲಿಲ್ಲವಂತೆ. "ಇನ್ನೊಬ್ಬ ಮಗನ್ನ ನನಗಿಂತ ಮೊದಲು ಕಳಿಸಾಕೆ ನನ್ನ ಕೈಲಿ ಆಗಲ್ಲ" ಎಂದಷ್ಟೇ ಹೇಳಿ ಗೋಡೆಗೆ ಒರಗಿ ಕೂತಳಂತೆ.

೧. ಕೈಯಲ್ಲಿ ಕಬ್ಬಿಣ

ಬಿದ್ದದ್ದು ಬಸವಾಪಟ್ಟಣ ದಾಟಿದ ಮೇಲೆ, ಟಿಕೆಟ್ ಕೊಡುತ್ತಿದ್ದಾಗ. ನನ್ನ ಹೃದಯ ಬಡಿಯುವುದನ್ನೇ ಮರೆತಿತ್ತು. ಜನ ಮೂರ್ಛೆರೋಗ ಎಂದುಕೊಂಡರು. ಕೈಗೆ ಕಬ್ಬಿಣ ಕೊಡಿ ಎಂದರು ಒಬ್ಬರು, ಬೀಗದಕೈ ಸಾಲದು ಎಂದರು ಇನ್ನೊಬ್ಬರು. ನಮ್ಮ ಡ್ರೈವರ್ ಪಾಪ, ಚಕ್ರದ ನಟ್ಟು ಬಿಚ್ಚುವ ಕಬ್ಬಿಣದ ಪಾನವನ್ನೇ ತಂದು ನನ್ನ ಕೈಗೆ ಒತ್ತಿದ. ಅದನ್ನು ಯಾರೂ ತೆಗೆಯಲಿಲ್ಲ. ಎದೆಯ ಮೇಲೆ ಪಾನ ಇಟ್ಟುಕೊಂಡೇ ದಾವಣಗೆರೆಯ ಆಸ್ಪತ್ರೆ ಸೇರಿದೆ.

ಆಪರೇಷನ್ ಆದ ಮೂರನೆಯ ದಿನ ಡ್ರೈವರ್ ನೋಡಲು ಬಂದ. ಹಾಸಿಗೆ ಪಕ್ಕ ನಿಂತು ಕಣ್ಣು ಒರೆಸಿಕೊಂಡ. ಸುತ್ತ ನೋಡಿ, ಬಗ್ಗಿ, ಮೆಲ್ಲಗೆ ಕೇಳಿದ: "ಅಣ್ಣಾ, ಪಾನ ಎಲ್ಲೈತೆ? ನಿನ್ನೆಯಿಂದ ಬಸ್ಸು ಪಂಚರ್ ಆಗಿ ನಿಂತೈತೆ."

೨. ಮೊರದ ತುಂಬ ಫೋನು

ಡಾಕ್ಟರು ಎರಡು ಮಾತು ಹೇಳಿ ಕಳಿಸಿದರು: ಆರು ವಾರ ಎಡಗೈಯನ್ನು ಹೆಗಲಿಗಿಂತ ಮೇಲೆ ಎತ್ತಬಾರದು, ಎಡಗಡೆ ಜೇಬಿನಲ್ಲಿ ಮೊಬೈಲ್ ಇಡಬಾರದು. ಅವ್ವ ಎರಡನೆಯದನ್ನು ತಿದ್ದಿ ಕಾನೂನು ಮಾಡಿದಳು. ಯಾರ ಮೊಬೈಲೂ ಹೊಸ್ತಿಲು ದಾಟಬಾರದು. ನೋಡಲು ಬಂದವರೆಲ್ಲ ಚಪ್ಪಲಿ ಬಿಟ್ಟ ಕಡೆಯೇ ಒಂದು ಮೊರದಲ್ಲಿ ಫೋನು ಹಾಕಿ ಒಳಗೆ ಬರಬೇಕು. ಮೊರ ಮೊಳಗಿದಾಗಲೆಲ್ಲ ಬ್ರೆಡ್ಡು, ಬಾಳೆಹಣ್ಣು ಬಿಟ್ಟು ಎಲ್ಲರೂ ಹೊರಗೆ ಓಡುತ್ತಿದ್ದರು.

ಗೋವಿನಕೋವಿಯಿಂದ ಬಂದ ರೈತರೊಬ್ಬರು ಹೋಗುವಾಗ ಬೇರೆಯವರ ಫೋನು ಎತ್ತಿಕೊಂಡು ಹೋದರು. ದಾರಿಯಲ್ಲಿ ಆ ಫೋನಿನ ಯಜಮಾನನ ಹೆಂಡತಿ ಕರೆ ಮಾಡಿ ಚೆನ್ನಾಗಿ ಬೈದಳು. ಇವರು ಊರು ಬರುವ ತನಕ ಹೂಂ ಹೂಂ ಎಂದು ಕೇಳಿದರು. ಮಾರನೆಯ ದಿನ ಫೋನು ತಂದುಕೊಟ್ಟಾಗ, ಅಷ್ಟು ಹೊತ್ತು ಗೊತ್ತಾಗಲಿಲ್ಲವೇ ಎಂದು ಕೇಳಿದೆ.

"ದನಿ ಬೇರೆ ಅನ್ನಿಸ್ತು ಕಣ್ರೀ. ಬೈಗುಳ ನಮ್ಮನೇವೇ ಇದ್ವು."

೩. ಜಗಳೂರಿನ ಮಾವ

ಅವ್ವನ ತಮ್ಮ ಜಗಳೂರಿನಿಂದ ಬಂದರು. ಮಾತು ಕಡಿಮೆಯ ಮನುಷ್ಯ. ನನ್ನ ಎಡ ಹೆಗಲ ಕೆಳಗಿನ ಉಬ್ಬನ್ನು ಬಹಳ ಹೊತ್ತು ನೋಡಿ, ಅವ್ವ ಒಳಗೆ ಹೋದದ್ದನ್ನು ಖಚಿತ ಮಾಡಿಕೊಂಡು ಕೇಳಿದರು: "ಅಲ್ಲಪ್ಪಾ, ಒಳಗೆ ಮಿಷನ್ ಓಡ್ತಾನೇ ಇದ್ರೆ, ನೀನು ಹೋಗಿದ್ದು ನಮಗೆ ಗೊತ್ತಾಗೋದು ಹೆಂಗೆ?"

ಅದೇ ಪ್ರಶ್ನೆ ನನ್ನನ್ನೂ ಕಾಡಿತ್ತು. ಆದರೂ ಟೀ ಬೇಡ ಅಂದ ದಿನ ಹೋದೆ ಅಂತ ತಿಳಕೊಳ್ಳಿ ಎಂದೆ. ಮಾವ ಒಪ್ಪಿದರು. ಈಗ ಜಗಳೂರಿನಿಂದ ದಿನಾ ಫೋನು ಬರುತ್ತದೆ, ಟೀ ಕುಡಿದೆಯಾ ಎಂದು.

೪. ಊರಮ್ಮನ ಮುಂದೆ

ನಾನು ಉಳಿದರೆ ಊರ ದೇವತೆಗೆ ಬೆಳ್ಳಿಯ ಅಂಗ ಒಪ್ಪಿಸುತ್ತೇನೆಂದು ಅವ್ವ ಹರಕೆ ಹೊತ್ತಿದ್ದಳು. ಕಣ್ಣು ವಾಸಿಯಾದವರು ಬೆಳ್ಳಿ ಕಣ್ಣು, ಕಾಲು ವಾಸಿಯಾದವರು ಬೆಳ್ಳಿ ಪಾದ ಕೊಡುತ್ತಾರೆ. ಚನ್ನಗಿರಿಯ ಅಕ್ಕಸಾಲಿಯ ಹತ್ತಿರ ಹೃದಯದ ಅಚ್ಚು ಇರಲಿಲ್ಲ. ಇಸ್ಪೀಟೆಲೆಯ ಆಟೀನಿನ ಆಕಾರ ಮಾಡಿಕೊಡಲೇ ಎಂದು ಕೇಳಿದ. ಇಸ್ಪೀಟನ್ನು ದೇವರ ಮುಂದೆ ಇಡುವುದಿಲ್ಲ, ಡಾಕ್ಟರು ಇಟ್ಟದ್ದನ್ನೇ ಮಾಡು ಎಂದಳು ಅವ್ವ. ಅವನು ನನ್ನ ಎಕ್ಸ್‌ರೇಯನ್ನು ಬಿಸಿಲಿಗೆ ಹಿಡಿದು ಅಳತೆ ತೆಗೆದ. ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಬೆಳ್ಳಿ ಪೆಟ್ಟಿಗೆ, ಅದಕ್ಕೆ ಎರಡು ತಂತಿ.

ಪೂಜಾರಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಇದು ಯಾವ ಅಂಗ ಎಂದ. ಇವನಿಗೆ ಹೊಸದಾಗಿ ಬಂದ ಅಂಗ ಎಂದಳು ಅವ್ವ. ಬೆಳ್ಳಿ ಕಣ್ಣುಗಳ ಪಕ್ಕ ಅದನ್ನಿಟ್ಟು ಆರತಿ ಎತ್ತಿದ. ಅವ್ವ ನನ್ನ ಕಡೆ ತಿರುಗಿ, ಇದು ಎಷ್ಟು ದಿನ ನಡೆಯುತ್ತದೆ ಎಂದು ಕೇಳಿದಳು. ಬ್ಯಾಟರಿ ಹತ್ತು ವರ್ಷ ಬರಬಹುದು, ಆಮೇಲೆ ಹೊಸದು ಹಾಕುತ್ತಾರೆ ಎಂದೆ. ಅವ್ವ ಬೆರಳು ಮಡಚಿ ಲೆಕ್ಕ ಹಾಕಿದಳು. ಎಂಬತ್ತಾರಕ್ಕೆ ಬಂದು ನಿಂತಳು. ನನಗೆ ಅವಳ ಮುಖ ನೋಡಲಾಗಲಿಲ್ಲ.

"ತಾಯಿ," ಎಂದಳು ದೇವಿಗೆ, "ಹತ್ತು ವರ್ಷದ ತನ್ಕ ನನ್ನನ್ನೂ ಇಟ್ಟಿರು. ಹೊಸದು ಹಾಕಿಸೋವಾಗ ಮತ್ತೆ ಹರಕೆ ಹೊರಾಕೆ ಒಬ್ರು ಬೇಕಲ್ಲ. ಇವನ ಹೆಂಡ್ತಿಗೆ ಅದೆಲ್ಲ ಬರಲ್ಲ."

ಇಪ್ಪತ್ತೈದು ವರ್ಷದಲ್ಲಿ ಅತ್ತೆಯ ಒಂದು ಮಾತಿಗೂ ಹೂಂ ಎನ್ನದ ನನ್ನ ಹೆಂಡತಿ, ಸೆರಗು ಹೊದ್ದು ಮುಂದೆ ಬಂದು ದೇವಿಗೆ ಕೈಮುಗಿದಳು.

"ಖರೇ ತಾಯಿ. ನನಗೆ ಏನೂ ಬರಲ್ಲ."