ಕಾರೇಸಂದ್ರದ ನಲವತ್ತು ಮನೆ

ಜಯಕುಮಾರ್ ಮಾಡಿದ ತಪ್ಪು ಇಷ್ಟೇ. ಎಂ.ಎ. ಅರ್ಥಶಾಸ್ತ್ರದ ಕೊನೆಯ ಪ್ರಾಜೆಕ್ಟಿಗೆ ಒಂದು ಹಳ್ಳಿಯ ನಲವತ್ತು ಮನೆ ಸುತ್ತಿ, ಯಾರು ಬೇಸಾಯ ಬಿಟ್ಟು ಯಾವ ಕೆಲಸ ಹಿಡಿದರು ಎಂದು ಬರೆದುಕೊಂಡು ಬರಬೇಕಿತ್ತು. ಅವನು ಆ ನಲವತ್ತು ಮನೆಗಳನ್ನೂ ನೆಲಮಂಗಲದ ಗೋಡೌನಿನಲ್ಲಿ, ತನ್ನ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತೇ ಫಾರಂ ತುಂಬಿ ಕಟ್ಟಿ ಮುಗಿಸಿದ. ಊರೊಂದು ಮಾತ್ರ ನಿಜ. ನಲ್ಲೂರಿನ ಹುಣಸೆ ತೋಪು ದಾಟಿದ ಮೇಲೆ ಸಿಗುವ ಕಾರೇಸಂದ್ರ. ಅದರ ಹೆಸರನ್ನು ಬಸ್ಸಿನ ಬೋರ್ಡಿನಲ್ಲಿ ಓದಿದ್ದ, ಊರನ್ನು ಕಂಡವನಲ್ಲ.

ಹೆಸರುಗಳನ್ನು ಬಾಯಿಗೆ ಬಂದಂತೆ ಇಟ್ಟ. ಎಲ್ಲರೂ ಒಂದೇ ಥರ ಇದ್ದರೆ ಅನುಮಾನ ಬಂದೀತೆಂದು ಸೊಣ್ಣಮ್ಮ ಅನ್ನುವ ವಿಧವೆಗೆ ಮೂರು ಮೇಕೆ ಕೊಟ್ಟ. ಇನ್ನೊಬ್ಬನ ಮಗನನ್ನು ವಿಮಾನ ನಿಲ್ದಾಣದಲ್ಲಿ ಟ್ರಾಲಿ ತಳ್ಳುವುದಕ್ಕೆ ಕಳಿಸಿದ. ಹೊತ್ತು ಹೋಗದೆ ಇಬ್ಬರು ಯಜಮಾನರನ್ನು ಸಾಯಿಸಿಯೂ ಬಿಟ್ಟ.

ದೂರಶಿಕ್ಷಣಕ್ಕೆ ಸೇರಿ ಅವನಿಗೆ ಐದು ವರ್ಷ ಆಗಿತ್ತು. ಈ ತಿಂಗಳು ಪ್ರಾಜೆಕ್ಟ್ ಪಾಸಾಗದಿದ್ದರೆ ನೋಂದಣಿಯೇ ರದ್ದು. ಪಾಸಾದರೆ, ದೇವನಹಳ್ಳಿಯ ಹೊಸ ಪಿಯು ಕಾಲೇಜಿನವರು ಲೆಕ್ಚರರ್ ಕೆಲಸ ಇಟ್ಟುಕೊಂಡು ಕಾಯುತ್ತಿದ್ದರು. ಹನ್ನೊಂದು ವರ್ಷದಿಂದ ಗೋಡೌನಿನ ಗೇಟಿನಲ್ಲಿ ಲಾರಿ ನಂಬರು ಬರೆದು ಬರೆದು ಅವನಿಗೆ ಕನಸಿನಲ್ಲೂ ಲಾರಿಗಳೇ ಬರುತ್ತಿದ್ದವು. ಹಾಗಾಗಿ ಶುಕ್ರವಾರ ಗೈಡ್ ಪ್ರಮೋದಾ ಮೇಡಂ ಫೋನ್ ಮಾಡಿ, ನಾಳೆ ಮೂರು ಗಂಟೆಗೆ ಕಾರೇಸಂದ್ರಕ್ಕೇ ಬರ್ತೀನಿ, ಐದು ಮನೆ ತೋರಿಸಿ ಅಂದಾಗ ಅವನು ಎದುರಿಗಿದ್ದ ಲಾರಿಯ ನಂಬರನ್ನು ಎರಡು ಸಲ ಬರೆದ.

ಶನಿವಾರ ಹನ್ನೆರಡಕ್ಕೆಲ್ಲ ಅವನು ಊರಿನಲ್ಲಿ ಇಳಿದ. ಯಾರಾದರೂ ಐದು ಜನರ ಕಾಲು ಹಿಡಿದು, ಈ ಹೆಸರಿನವರು ನಾವೇ ಎಂದು ಹೇಳಿಸುವುದು ಅವನ ಉಪಾಯ. ಬಿಸಿಲು ನೆತ್ತಿಯ ಮೇಲಿತ್ತು. ಬೀದಿಯಲ್ಲಿ ಒಂದು ನಾಯಿಯೂ ಇಲ್ಲ. ತೀರಾ ಕೆಳಗೆ ಹಾರುತ್ತಿದ್ದ ವಿಮಾನವೊಂದರ ನೆರಳು ಹಂಚಿನ ಮನೆಗಳ ಮೇಲೆ ಹರಿದು ಹೋಯಿತು, ಆಮೇಲೆ ಮತ್ತೆ ನಿಶ್ಶಬ್ದ. ಬಾಗಿಲುಗಳೆಲ್ಲ ಒಂದು ಗೇಣು ತೆರೆದಿದ್ದವು.

ಮೊದಲ ಮನೆಯ ಮುಂದೆ ನಿಂತು, ಮಾತು ಶುರು ಮಾಡಲು ಏನಾದರೂ ಬೇಕಲ್ಲ ಎಂದು ಮೇಡಂಗೆ ಕಳಿಸಿದ್ದ ಫಾರಂನ ಜೆರಾಕ್ಸ್ ತೆಗೆದು ಓದಿದ. "ಸೊಣ್ಣಮ್ಮನವರ ಮನೆ ಇದೇನಾ?"

"ಹೂಂ, ನಾನೇ ಕಣಪ್ಪ," ಎಂದು ಒಳಗಿನ ಕತ್ತಲಿನಿಂದ ಮುದುಕಿಯೊಬ್ಬಳು ಬಂದಳು.

ಜಯಕುಮಾರನಿಗೆ ನಗು ಬಂತು. ಈ ಕಡೆ ಸೊಣ್ಣಮ್ಮಂದಿರಿಗೇನು ಬರವೇ. ಸುಮ್ಮನೆ ಕೇಳಿದ, ಯಜಮಾನರು ಇಲ್ಲವೇ ಎಂದು. ಹೋಗಿಬಿಟ್ಟರು ಅಂದಳು. ಮೇಕೆ ಮೂರು ಇವೆಯೇ ಎಂದ. ಮುದುಕಿ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಹಿತ್ತಲಿನಿಂದ ಒಂದೊಂದಾಗಿ ಮೂರು ಮೇಕೆಗಳು ಬಂದು ಅವನನ್ನೇ ನೋಡುತ್ತ ನಿಂತವು. ಒಂದಕ್ಕೆ ಕಿವಿ ಹರಿದಿತ್ತು.

ಕೇಳಿದರೆ, ಎರಡನೇ ಮನೆಯವನ ಮಗ ವಿಮಾನ ನಿಲ್ದಾಣದಲ್ಲಿ ಟ್ರಾಲಿ ತಳ್ಳುತ್ತಿದ್ದ. ಮೂರನೇ ಮನೆಯ ಸೊಸೆ ದೊಡ್ಡಬಳ್ಳಾಪುರದಲ್ಲಿ ಮಗ್ಗಕ್ಕೆ ಹೋಗುತ್ತಿದ್ದಳು, ಫಾರಂನಲ್ಲಿ ಇದ್ದ ಹಾಗೆಯೇ. ನಾಲ್ಕನೇ ಮನೆಗೆ ಅವನು ಒಂದು ಮೇಕೆ ಬರೆದಿದ್ದ. ಅವನು ಓದಿ ಮುಗಿಸುವಷ್ಟರಲ್ಲಿ ಅದೇ ಹರಿದ ಕಿವಿಯ ಮೇಕೆ ಅಲ್ಲಿಗೂ ಬಂದು ನಿಂತಿತ್ತು.

ತಾನು ಕೂತು ಬರೆದವರೆಲ್ಲ ಇಲ್ಲಿ ಎದ್ದು ಓಡಾಡುತ್ತಿದ್ದರು. ಐದನೇ ಫಾರಂ ತೆಗೆದ. ಅದು ಅವನು ಯಜಮಾನನನ್ನು ಸಾಯಿಸಿದ್ದ ಮನೆ. ಜಗಲಿಯ ಮೇಲೆ ಎಪ್ಪತ್ತರ ಮುದುಕನೊಬ್ಬ ಕೂತಿದ್ದ.

"ವೆಂಕಟರಾಯಪ್ಪನವರ ಮನೆ..."

"ನಾನೇ."

"ಅವರು ತೀರ್ಕೊಂಡಿದಾರೆ ಅಂತ ಇದೆಯಲ್ಲ," ಅಂದ ಜಯಕುಮಾರ್.

ಮುದುಕ ರೆಪ್ಪೆ ಬಡಿಯಲಿಲ್ಲ. "ಹೌದು. ಹೋದ ವರ್ಷ ತೀರ್ಕೊಂಡೆ."

"ಏನಾಗಿ?"

"ಅದ್ರಾಗೆ ಏನ್ ಬರ್ದೈತೆ?"

"ಎದೆನೋವು."

"ಅದೇ ಕಣಪ್ಪ. ಶಾನೆ ನೋವಿತ್ತು."

ಜಯಕುಮಾರ್ ಓಡಿದ. ಚಪ್ಪಲಿ ಕಿತ್ತುಹೋದರೂ ನಿಲ್ಲದೆ ಓಡಿ ಹುಣಸೆ ತೋಪಿನೊಳಗೆ ಹೊಕ್ಕು ಕೂತ. ಆ ಮರಗಳಿಗೆ ಎಷ್ಟು ವಯಸ್ಸೋ, ಒಂದೊಂದೂ ಹೊಟ್ಟೆ ಬಿರಿದು ಬಾಯಿ ತೆರೆದುಕೊಂಡು ನಿಂತಿದ್ದವು. ಅವನಿಗೆ ನಿಜಕ್ಕೂ ಅಳು ಬಂತು. ತಾನು ಬರೆದ ಮೇಲೆ ಇವರು ಹುಟ್ಟಿದರೋ, ಇದ್ದವರನ್ನು ತಾನೇ ಬರೆದು ಕೊಂದೆನೋ ಒಂದೂ ತಿಳಿಯಲಿಲ್ಲ. ಎಂ.ಎ. ಆಸೆಗೆ ಎರಡು ಜೀವ ತೆಗೆದೆನಲ್ಲಪ್ಪ ಎಂದು ಎದೆ ಬಡಿದುಕೊಂಡ. ಆದರೂ ಮನುಷ್ಯನ ಬುದ್ಧಿ ನೋಡಿ, ಅರ್ಧ ಗಂಟೆ ನಡುಗಿದ ಮೇಲೆ ಅದೇ ಎದೆಯಲ್ಲಿ ಇನ್ನೊಂದು ಯೋಚನೆ ಮೆಲ್ಲಗೆ ತಲೆಯೆತ್ತಿತು. ಹೇಗಾದರೂ ಆಗಲಿ, ಎಲ್ಲವೂ ತಾಳೆಯಾಗುತ್ತಿದೆ. ಪಾಸಾಗುವವನು ದೆವ್ವಗಳ ಜೊತೆ ತಕರಾರು ಮಾಡಬಾರದು.

ಮೂರು ಗಂಟೆಗೆ ಸರಿಯಾಗಿ ಪ್ರಮೋದಾ ಮೇಡಂ ಕಾರು ಬಂತು. ಊರಿನ ಹಳೇ ಪಂಚಾಯ್ತಿ ಮೆಂಬರು ಅಪ್ಪಯ್ಯಣ್ಣ, ಯಾರೂ ಕರೆಯದಿದ್ದರೂ ಛತ್ರಿ ಹಿಡಿದು ಮುಂದೆ ನಿಂತ. ಮೇಡಂ ಬ್ಯಾಗಿನಿಂದ ಫಾರಂಗಳ ಕಟ್ಟು ತೆಗೆದು ಮೊದಲ ಮನೆಯ ಮುಂದೆ ಓದಿದರು. "ಅಂಜಿನಮ್ಮ. ಐದು ಹಸು. ಮಗಳು ನರ್ಸು. ನೀವೇನಾ?"

ಅಂಜಿನಮ್ಮ ಅನ್ನುವವಳನ್ನು ಜಯಕುಮಾರ್ ಬರೆದೇ ಇರಲಿಲ್ಲ.

"ಹೂಂ ತಾಯಿ, ನಾನೇ," ಅಂದಳು ಸೊಣ್ಣಮ್ಮ.

ಎರಡನೇ ಮನೆಯವನು ಮೀನು ಸಾಕುತ್ತೇನೆಂದು ಒಪ್ಪಿಕೊಂಡ. ಊರಿನಲ್ಲಿ ಕೆರೆ ಬತ್ತಿ ಎಷ್ಟೋ ಕಾಲವಾಗಿತ್ತು. ಮೂರನೇ ಮನೆಯ ಹೊತ್ತಿಗೆ ಮೇಡಂ ತಾವೇ ಅನುಮಾನದಿಂದ ಕಟ್ಟನ್ನು ತಿರುಗಿಸಿ ನೋಡಿದರು. ಮೇಲೆ ಕೀರ್ತನ ಎಂದು ಬರೆದಿತ್ತು. ಅದು ಇನ್ನೊಬ್ಬ ವಿದ್ಯಾರ್ಥಿನಿಯದು, ಹೊಸಕೋಟೆ ಕಡೆಯ ಹಳ್ಳಿಯದು. ಅವಸರದಲ್ಲಿ ಬೇರೆ ಕಟ್ಟು ಕೈಗೆ ಬಂದಿತ್ತು.

ಮೇಡಂ ಸೀರೆಯ ಸೆರಗನ್ನು ಬಿಗಿಯಾಗಿ ಹೊದ್ದು, ಇದೇನು ಊರು ರೀ ಎಂದು ಅಪ್ಪಯ್ಯಣ್ಣನನ್ನು ಕೇಳಿದರು.

"ಹೆದರ್ಕೋಬೇಡಿ ಮೇಡಂ," ಅಂದ ಅಪ್ಪಯ್ಯಣ್ಣ. "ಪಟ್ಟಿ ಅಂತ ಯಾರೇ ತರ್ಲಿ, ನಮ್ಮೂರೋರು ಅಲ್ಲ ಅನ್ನಲ್ಲ. ನಮ್ಮವ್ವ ಒಂದ್ಸಲ ರೇಷನ್ ಪಟ್ಟೀಲಿ ಹೆಸ್ರು ತಪ್ಪೈತೆ ಅಂತ ಬಾಯ್ಬಿಟ್ಲು. ತಿದ್ತೀವಿ ಅಂತ ಇದ್ದ ಹೆಸ್ರನ್ನೂ ಹೊಡೆದ್ಹಾಕಿದ್ರು. ಎಂಟ್ ತಿಂಗ್ಳು ಅಕ್ಕಿ ಬರ್ಲಿಲ್ಲ. ಅವತ್ತಿಂದ ಏನ್ ಬರ್ದೈತೋ ಅದೇ ನಾವು. ಮೇಕೆ ಬರ್ದಿದ್ರೆ ಮೇಕೆ ತೋರುಸ್ತೀವಿ, ಸತ್ತವ್ನೆ ಅಂತ ಬರ್ದಿದ್ರೆ ಸತ್ತಿರ್ತೀವಿ."

ಮೇಡಂ ಜಯಕುಮಾರನ ಕಡೆ ತಿರುಗಿದರು. ಅವನು ತಲೆ ಎತ್ತಲಿಲ್ಲ, ಅಷ್ಟಕ್ಕೇ ಅವರಿಗೆ ಎಲ್ಲವೂ ತಿಳಿಯಿತು. ಆದರೂ ಕರುಣೆಯ ಹೆಂಗಸು. ಹತ್ತು ಖಾಲಿ ಫಾರಂ ಅವನ ಕೈಗಿಟ್ಟು, ಐದು ಗಂಟೆಯವರೆಗೆ ಕಾರಿನಲ್ಲೇ ಕೂತಿರುತ್ತೇನೆ, ಹತ್ತೇ ಹತ್ತು ಮನೆ ನಿಜವಾಗಿ ಕೇಳಿ ಬರೆದುಕೊಂಡು ಬನ್ನಿ, ಪಾಸ್ ಮಾಡುತ್ತೇನೆ ಅಂದರು. ಜಯಕುಮಾರನಿಗೆ ಅವರ ಕಾಲಿಗೆ ಬೀಳಬೇಕೆನ್ನಿಸಿತು.

ಅವನು ಮೊದಲ ಮನೆಗೆ ಓಡಿದ. "ಅಜ್ಜಿ, ನಿಮ್ಮ ನಿಜವಾದ ಹೆಸರು ಹೇಳಿ, ಬರ್ಕೋತೀನಿ."

ಮುದುಕಿ ಹಾಳೆಯನ್ನು ಇಸಕೊಂಡು ಹಿಂದೆ ಮುಂದೆ ತಿರುಗಿಸಿದಳು. "ಇದ್ರಾಗೆ ಏನೂ ಬರ್ದಿಲ್ವಲ್ಲ."

"ನೀವು ಹೇಳಿದ್ದನ್ನೇ ಬರೀತೀನಿ."

ಅವಳು ಊರಾಚೆಗೆ ನೋಡಿದಳು. ಹಿಂದೊಮ್ಮೆ ಖಾಲಿ ಹಾಳೆಗೆ ಹೆಸರು, ಹೆಬ್ಬೆಟ್ಟು ಕೊಟ್ಟು ಭೂಮಿ ಕಳೆದುಕೊಂಡವರ ಹೊಲಗಳಲ್ಲಿ ಅಲ್ಲಿ ಲೇಔಟಿನ ಕಲ್ಲುಗಳು ಸಾಲಾಗಿ ನಿಂತಿದ್ದವು. ಹಾಳೆಯನ್ನು ಅವನ ಕೈಗೆ ತುರುಕಿ, ಒಳಗೆ ಹೋಗಿ ಅಗುಳಿ ಹಾಕಿಕೊಂಡಳು.

"ಈ ಮನೇಲಿ ಯಾರೂ ಇಲ್ಲ ಕಣಪ್ಪ," ಎಂದು ಬಾಗಿಲ ಹಿಂದಿನಿಂದ ದನಿ ಬಂತು.

ಬೀದಿಯುದ್ದಕ್ಕೂ ಅಗುಳಿಗಳು ಒಂದರ ಹಿಂದೆ ಒಂದು ಬಿದ್ದವು. ಜಯಕುಮಾರ್ ಎಲ್ಲ ಬಾಗಿಲನ್ನೂ ತಟ್ಟಿದ, ಬೇಡಿಕೊಂಡ. ಒಳಗೆ ಜನರ ಉಸಿರಾಟ ಕೇಳಿಸುತ್ತಿತ್ತು, ಆದರೆ ನಲವತ್ತು ಮನೆಯಿಂದಲೂ ಬಂದದ್ದು ಅದೊಂದೇ ಉತ್ತರ.

ಐದು ಗಂಟೆಗೆ ಅವನು ಹತ್ತು ಫಾರಂಗಳನ್ನು ತಂದುಕೊಟ್ಟ. ಕೇಳಿಸಿದ್ದನ್ನು ಕೇಳಿಸಿದ ಹಾಗೆ, ಒಂದಕ್ಷರ ಸೇರಿಸದೆ ಬರೆದಿದ್ದ. ಹತ್ತರಲ್ಲೂ ಯಾರೂ ಇಲ್ಲ, ಯಾರೂ ಇಲ್ಲ ಎಂದಿತ್ತು. ಮೇಡಂ ಎಲ್ಲವನ್ನೂ ಓದಿ, ಕನ್ನಡಕ ತೆಗೆದರು.

"ಇಷ್ಟಾದ ಮೇಲೂ ಸುಳ್ಳು ಬರೀತೀರಲ್ಲ ಜಯಕುಮಾರ್," ಅಂದು ಕಾರು ಸ್ಟಾರ್ಟ್ ಮಾಡಿದರು.